ಅಕ್ಕನ ಮನೆಯ ಒಳಚಿಲಕ

ಅಕ್ಕ ವರ್ಷಗಳಿಂದ ಕರೆಯುತ್ತಲೇ ಇದ್ದಳು. ನಮ್ಮಲ್ಲಿ ಕೋಟೆ ಇದೆ, ಹಳೇ ಅರಮನೆ ಇದೆ, ಮಕ್ಕಳಿಗೆ ತೋರಿಸಬಹುದು ಬಾ ಎಂದು ಫೋನಿನಲ್ಲಿ ಹೇಳಿದಾಗಲೆಲ್ಲ ತಂಗಿ ಆಗಲಿ ಆಗಲಿ ಎಂದು ಮಾತು ತೇಲಿಸುತ್ತಿದ್ದಳು. ಪರದೇಶವೆಂದರೆ ಸುಮ್ಮನೆಯೇ? ಈ ಸಲ ಅಕ್ಕ ಹೇಳದೆ ಕೇಳದೆ ಟಿಕೆಟ್ಟುಗಳನ್ನೇ ಕಳಿಸಿಬಿಟ್ಟಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಗಂಡನಿಗೆ ರಜೆ ಸಿಗುವಂತಿರಲಿಲ್ಲ. ಅವನ ಹೆಸರಿಗೆ ಟಿಕೆಟ್ಟೂ ಬಂದಿರಲಿಲ್ಲ.

"ಮಕ್ಕಳನ್ನ ಬಿಟ್ಟು ಒಬ್ಬಳೇ ಬಂದ್ರೆ ಬಾಗಿಲೇ ತೆಗೆಯಲ್ಲ ನಾನು," ಎಂದು ಅಕ್ಕ ನಕ್ಕಿದ್ದಳು. ತಂಗಿಯೂ ನಕ್ಕಿದ್ದಳು.

ಮಕ್ಕಳಿಬ್ಬರು. ದೊಡ್ಡವಳಿಗೆ ಏಳು ವರ್ಷ, ಬಾಯಿ ಮುಚ್ಚುವುದೆಂದರೇನೆಂದೇ ಗೊತ್ತಿಲ್ಲದ ಹಾಗೆ ಮಾತಾಡುತ್ತಲೇ ಇರುವ ಹುಡುಗಿ. ಮನೆಯಲ್ಲಿ ಎಲ್ಲರಿಗೂ ಅವಳು ಚೂಟಿ. ಚಿಕ್ಕವನು ನಾಲ್ಕರ ಗುಂಡ. ವಿಮಾನದಲ್ಲಿ ಗುಂಡ ಅಮ್ಮನ ಮಡಿಲಲ್ಲೇ ವಾಂತಿ ಮಾಡಿಕೊಂಡ. ಚೂಟಿ ಪಕ್ಕದ ಸೀಟಿನ ಹೆಂಗಸಿಗೆ ಅಪ್ಪನ ಗೊರಕೆಯಿಂದ ಹಿಡಿದು ಅಜ್ಜಿಯ ಬಣ್ಣ ಹಚ್ಚಿದ ಕೂದಲಿನವರೆಗೆ ಮನೆಯ ಗುಟ್ಟನ್ನೆಲ್ಲ ಬಿಚ್ಚಿಟ್ಟಳು. ಇಳಿಯುವ ಹೊತ್ತಿಗೆ ತಂಗಿ ಹಿಂಡಿದ ಬಟ್ಟೆಯಂತಾಗಿದ್ದಳು.

ಅಕ್ಕ ಜನರ ನಡುವೆ ಹಾದಿ ಮಾಡಿಕೊಂಡು ಬಂದು ತಬ್ಬಿಕೊಂಡಳು. ಹಿಂದೆ ಭಾವ. ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವ ಅವನು ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಅವನ ಹಿಂದೆ, ಅವನಿಗಿಂತ ಒಂದು ಗೇಣು ಎತ್ತರಕ್ಕೆ, ಅಕ್ಕನ ಮಗ. ಮದುವೆಗೆ ಮುಂಚೆ ತಂಗಿ ಈ ಹುಡುಗನನ್ನು ಸೊಂಟದಿಂದ ಇಳಿಸಿದವಳಲ್ಲ. ಸ್ನಾನ, ಊಟ, ನಿದ್ದೆ ಎಲ್ಲ ಅವಳ ಕೈಯಲ್ಲೇ ಆಗಿತ್ತು. ಅಕ್ಕನ ಮಗ ತನಗೂ ಮಗನೇ. ಆಮೇಲೆ ಅವರು ದೇಶ ಬಿಟ್ಟರು. ಈಗ ಅವನಿಗೆ ಹತ್ತೊಂಬತ್ತು. "ಚಿಕ್ಕಮ್ಮಾ," ಎಂದು ಬಾಗಿ ಅವಳ ಭುಜಕ್ಕೆ ಹಣೆ ತಾಗಿಸಿದ. ಆಮೇಲೆ ಸಾಮಾನಿನ ಗಾಡಿಯ ಮೇಲೆ ನಿದ್ದೆ ಹೋಗಿದ್ದ ಗುಂಡನನ್ನು ಎಚ್ಚರವಾಗದ ಹಾಗೆ ಎತ್ತಿಕೊಂಡ. ತಂಗಿಗೆ ಕಣ್ಣು ತುಂಬಿ ಬಂತು.

ಊರಿನಲ್ಲಿ ತಂಗಿಯ ಕೆಲಸ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ. ವೈದ್ಯರು ಕಳಿಸುವ ಅಚ್ಚಿಗೆ ತಕ್ಕ ಹಾಗೆ ಕಟ್ಟುಹಲ್ಲು, ಮುರಿದ ಹಲ್ಲಿನ ಮೇಲೆ ಕೂರಿಸುವ ಟೊಪ್ಪಿ ಹಲ್ಲು ತಯಾರಿಸುತ್ತಾಳೆ. ಎದುರಿಗೆ ಯಾರು ನಕ್ಕರೂ ಕಣ್ಣು ಮೊದಲು ಹೋಗುವುದು ಅವರ ಹಲ್ಲಿಗೆ. ಕಾರಿನಲ್ಲಿ ಅಕ್ಕ ತಿರುಗಿ ನಕ್ಕಾಗ ಅದೇ ಆಯಿತು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅಕ್ಕನವಲ್ಲ. ಬಣ್ಣ ಒಂದೆಳೆ ಹೆಚ್ಚು ಬಿಳಿ, ಒಸಡಿನ ಅಂಚಿನಲ್ಲಿ ಸಣ್ಣ ಕಪ್ಪು ಗೆರೆ. ಏನಾಯ್ತೇ ಎಂದು ಕೇಳಿದರೆ ಬಚ್ಚಲಲ್ಲಿ ಜಾರಿದೆ ಎಂದಳು. ಭಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಹುಡುಗ ಹಿಂದಿನ ಸೀಟಿನಲ್ಲಿ ಗುಂಡನ ತಲೆ ತನ್ನ ತೋಳಿನ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ.

ಮನೆ ಚಿಕ್ಕದು, ಚೊಕ್ಕಟ. ಆದರೆ ಏನೋ ಕಡಿಮೆ ಇದೆ ಎಂದು ತಂಗಿಗೆ ಅನ್ನಿಸಿತು. ಆಮೇಲೆ ಹೊಳೆಯಿತು: ಮನೆಯಲ್ಲಿ ಗಾಜಿನದೊಂದು ವಸ್ತುವೂ ಇರಲಿಲ್ಲ. ತಟ್ಟೆ ಲೋಟಗಳೆಲ್ಲ ಸ್ಟೀಲು, ಪ್ಲಾಸ್ಟಿಕ್ಕು. ನಡುಮನೆಯ ಗೋಡೆಯಲ್ಲಿ ಕನ್ನಡಿ ಇದ್ದ ಜಾಗ ಬಣ್ಣ ಮಾಸದೆ ಚೌಕವಾಗಿ ಉಳಿದಿತ್ತು. ಅಡುಗೆಮನೆಯ ಒಂದು ಡ್ರಾಯರಿಗೆ ಬೀಗ, ಚಾಕುಗಳು ಅದರಲ್ಲಿ. ಚಿಕ್ಕ ಮಕ್ಕಳು ಬರುತ್ತಾರೆಂದು ಎಲ್ಲ ಎತ್ತಿಟ್ಟೆ ಎಂದಳು ಅಕ್ಕ. ಎಷ್ಟು ಮುತುವರ್ಜಿ ಎಂದುಕೊಂಡಳು ತಂಗಿ.

ಅವರಿಗೆ ಬಿಟ್ಟುಕೊಟ್ಟ ಕೋಣೆಯ ಬಾಗಿಲಿಗೆ ಒಳಗಿನಿಂದ ದಪ್ಪ ಕಬ್ಬಿಣದ ಚಿಲಕ ಹಾಕಿತ್ತು, ಗೋದಾಮಿಗೆ ಹಾಕುವಂಥದ್ದು. ಮರದ ಹೊಟ್ಟು ಇನ್ನೂ ಚೌಕಟ್ಟಿಗೆ ಅಂಟಿಕೊಂಡಿತ್ತು. ಭಾವ ಅದನ್ನು ಎಳೆದು, ಬಿಟ್ಟು ತೋರಿಸಿದ. ರಾತ್ರಿ ಮರೆಯದೆ ಹಾಕಿಕೊಳ್ಳಬೇಕು, ಮಕ್ಕಳು ನಿದ್ದೆಗಣ್ಣಲ್ಲಿ ಎದ್ದು ಹೋದಾರು ಎಂದ. ಅಕ್ಕನ ಕೋಣೆಗೂ ಅಂಥದ್ದೇ ಚಿಲಕವಿತ್ತು. ಹುಡುಗನ ಕೋಣೆಗೆ ಮಾತ್ರ ಚಿಲಕವೇ ಇರಲಿಲ್ಲ.

ಬೆಳಗಿನ ಹೊತ್ತು ಆ ಮನೆ ಪಿಸುಮಾತಿನ ಮನೆ. ಹುಡುಗ ಕಾಲೇಜು ಬಿಟ್ಟಿದ್ದ, ಮಧ್ಯಾಹ್ನದವರೆಗೆ ಮಲಗುತ್ತಿದ್ದ. ಅಷ್ಟು ಹೊತ್ತೂ ಅಕ್ಕ ಬೆಕ್ಕಿನ ಹೆಜ್ಜೆ ಇಡುತ್ತಿದ್ದಳು. ಕುಕ್ಕರಿನ ಸೀಟಿ ಕೂಗುವ ಮೊದಲೇ ಎತ್ತಿಬಿಡುತ್ತಿದ್ದಳು. ತೊಟ್ಟಿಲ ಕೂಸು ಮಲಗಿದ ಮನೆಯಲ್ಲಾದರೂ ಇದಕ್ಕಿಂತ ಹೆಚ್ಚು ಸದ್ದಿರುತ್ತದೆ ಎಂದು ತಂಗಿ ತಮಾಷೆ ಮಾಡಿದರೆ ಅಕ್ಕ ತುಟಿ ಬಿಚ್ಚದೆ ನಕ್ಕಳು. ಎದ್ದ ಮೇಲೆ ಹುಡುಗ ಮಕ್ಕಳ ಪಾಲಿಗೆ ಹಬ್ಬ. ಗುಂಡನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯ ತುದಿಯವರೆಗೆ ಓಡುತ್ತಿದ್ದ, ಚೂಟಿಗೆ ಕಾಗದದ ದೋಣಿ, ಹಕ್ಕಿ, ಕಪ್ಪೆ ಮಾಡಿಕೊಡುತ್ತಿದ್ದ. ಅಣ್ಣ ಅಣ್ಣ ಎಂದು ಇಬ್ಬರೂ ಅವನ ಬೆನ್ನು ಬಿಡುತ್ತಿರಲಿಲ್ಲ.

ಒಂದು ದಿನ ಪಾತ್ರೆ ತೊಳೆಯುವಾಗ ಅಕ್ಕನ ತೋಳಿನ ಬಟ್ಟೆ ಮೇಲೆ ಸರಿಯಿತು. ತೋಳಿನ ಸುತ್ತ ಬೆರಳಿನ ಗುರುತು, ಹಳದಿಗೆ ತಿರುಗುತ್ತಿದ್ದದ್ದು. ಹಲ್ಲು, ಚಿಲಕ, ಬಾಗಿಲ ಸದ್ದಿಗೆ ಅಕ್ಕ ಬೆಚ್ಚುವ ರೀತಿ, ಎಲ್ಲ ತಂಗಿ ಕೂಡಿಸಿ ನೋಡಿದಳು. ಲೆಕ್ಕ ನೇರವಾಗಿ ಭಾವನ ಹತ್ತಿರ ಹೋಗಿ ನಿಂತಿತು. ಇಷ್ಟು ಮೆತ್ತಗಿನ ಮನುಷ್ಯ, ಒಳಗೊಂದು ಹೊರಗೊಂದು ಎಂದು ಹಲ್ಲು ಕಡಿದಳು. ಅಂದಿನಿಂದ ಅವನು ಮಾತಾಡಿಸಿದರೆ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಿಲ್ಲ. ಅವನು ಚಹಾ ಮಾಡಿ ತಂದಿಟ್ಟರೆ ಮುಟ್ಟಲಿಲ್ಲ. ಭಾವ ಆರಿದ ಚಹಾವನ್ನು ಎತ್ತಿಕೊಂಡು ಹೋಗಿ ಚೆಲ್ಲಿದ.

ಕೋಟೆ ನೋಡಲು ಹೋದದ್ದು ಅದಾದ ಮೇಲೆ. ಭಾವ ಗುಡ್ಡದ ಬುಡದವರೆಗೆ ಬಿಟ್ಟು ಕೆಲಸಕ್ಕೆ ಹೋದ. ಹುಡುಗ ಅಂದು ಬೇಗ ಎದ್ದಿದ್ದ, ಉತ್ಸಾಹದಲ್ಲಿದ್ದ. ಮೆಟ್ಟಿಲುಗಳುದ್ದಕ್ಕೂ ಗುಂಡನನ್ನು ಹೊತ್ತ. ಮೇಲೆ ಸಾಲಾಗಿ ತುಕ್ಕು ಹಿಡಿದ ಫಿರಂಗಿಗಳು, ಎದೆಯೆತ್ತರದ ಗೋಡೆ, ಗೋಡೆಯ ಕಿಂಡಿಗಳಲ್ಲಿ ಗಾಳಿಯ ಸದ್ದು. ಶತ್ರುಗಳು ಹತ್ತಿ ಬಂದರೆ ಇಲ್ಲಿಂದ ಕುದಿಯುವ ಎಣ್ಣೆ ಸುರಿಯುತ್ತಿದ್ದರು ಎಂದು ಅವನು ಕೈ ಬಾಯಿ ತಿರುಗಿಸಿ ಹೇಳುತ್ತಿದ್ದರೆ ಚೂಟಿ ಕೂಡ ಬಾಯಿ ಮುಚ್ಚಿಕೊಂಡು ಕೇಳಿದಳು.

ಗುಂಡ ಹೆಗಲ ಮೇಲೆ ಕುಳಿತೇ ಅವನ ಫೋನು ಇಸಿದುಕೊಂಡು ಗೋಡೆಯಾಚೆ ಕೈ ಚಾಚಿ ಚಿತ್ರ ತೆಗೆಯಲು ಹೋದ. ಫೋನು ಜಾರಿತು. ಕೆಳಗೆ ಕಲ್ಲಿಗೆ ಬಡಿದ ಸದ್ದು ಮೇಲಿನವರೆಗೆ ಕೇಳಿಸಿತು.

ಹುಡುಗನ ಮುಖದಲ್ಲಿ ಏನೂ ಕಾಣಲಿಲ್ಲ. ಗುಂಡನನ್ನು ಹೆಗಲಿಂದ ನಿಧಾನವಾಗಿ ಇಳಿಸಿದ, ಪರವಾಗಿಲ್ಲ ಮರಿ ಎಂದು ತಲೆ ಸವರಿದ. ದೂರದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ ಅಕ್ಕ ಓಡಿ ಬಂದಳು. ತನ್ನದೇ ತಪ್ಪು, ತನ್ನ ಕೈಯೇ ಮಗುವಿನ ಕೈಗೆ ತಾಗಿತು ಎಂದಳು. ಅವಳು ಹತ್ತಿರ ಕೂಡ ಇರಲಿಲ್ಲ.

"ಅಮ್ಮಾ, ಇಲ್ಲಿ ಸ್ವಲ್ಪ ಬಾ," ಎಂದ ಹುಡುಗ, ಮದ್ದಿನ ಮನೆಯ ಕಡೆ ನಡೆಯುತ್ತ. ಕಿಟಕಿಯಿಲ್ಲದ ಕಲ್ಲಿನ ಕಟ್ಟಡ, ಹಿಂದೆ ಮದ್ದುಗುಂಡು ತುಂಬಿಡುತ್ತಿದ್ದದ್ದು. ಫಿರಂಗಿ ಮೇಲೆ ಕೂರಿಸಿ ಗುಂಡನ ಫೋಟೋ ತೆಗಿ ಎಂದು ತಂಗಿಗೆ ಹೇಳಿ ಅಕ್ಕ ಅವನ ಹಿಂದೆ ಹೋದಳು. ತಂಗಿ ಅಳುತ್ತಿದ್ದ ಗುಂಡನನ್ನು ಸಮಾಧಾನ ಮಾಡುವುದರಲ್ಲಿದ್ದಳು. ಚೂಟಿ ಎಲ್ಲಿ ಎಂದು ತಿರುಗಿ ನೋಡುವಷ್ಟರಲ್ಲಿ ಅವಳು ಮದ್ದಿನ ಮನೆಯ ಕಡೆಯಿಂದ ಓಡಿ ಬಂದು ಅಮ್ಮನ ಕಾಲನ್ನು ಅಪ್ಪಿಕೊಂಡಳು. ಬಿಡಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಬಟ್ಟೆಯ ಸುಣ್ಣ ಕೊಡವಿಕೊಳ್ಳುತ್ತ ಬಂದಳು. ಒಳಗೆ ಕತ್ತಲು, ಎಡವಿದೆ ಎಂದಳು. ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಹುಡುಗ ಎಲ್ಲರಿಗೂ ಐಸ್‌ಕ್ರೀಮ್ ತರಲು ಹೋದ. ಚೂಟಿ ತನ್ನದನ್ನು ಮುಟ್ಟಲಿಲ್ಲ. ಅದು ಕರಗಿ ಮೊಣಕೈವರೆಗೆ ಇಳಿಯಿತು.

ಆ ಸಂಜೆ ಕೋಣೆಯಲ್ಲಿ ಮಗಳ ತಲೆ ಬಾಚುತ್ತಿದ್ದಾಗ ಚೂಟಿ ಕೇಳಿದಳು: "ಅಮ್ಮಾ, ಗುಂಡ ದೊಡ್ಡವನಾದ ಮೇಲೆ ನಿನಗೆ ಹೊಡೀತಾನಾ?"

ಬಾಚಣಿಗೆ ಸಿಕ್ಕಿನಲ್ಲಿ ನಿಂತಿತು. ಯಾರು ಹಾಗೆ ಹೇಳಿದ್ದು ಎಂದಳು ತಂಗಿ.

"ಯಾರೂ ಹೇಳಿಲ್ಲ. ಅಣ್ಣ ದೊಡ್ಡಮ್ಮನ ಕೂದಲು ಹಿಡ್ಕೊಂಡು ಮುಖ ಗೋಡೆಗೆ ಹೊಡೆದ. ದೊಡ್ಡಮ್ಮ ಅಳಲಿಲ್ಲ. ನನ್ನ ನೋಡಿ ಹೀಗೆ ಮಾಡಿದ್ಲು," ಎಂದು ಚೂಟಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

ತಂಗಿ ಎದ್ದು ಹೋಗಿ ಚಿಲಕ ಹಾಕಿದಳು. ಕತ್ತಲಾಗಲು ಇನ್ನೂ ಹೊತ್ತಿತ್ತು. ತಾನು ತೊಡೆಯ ಮೇಲೆ ಮಲಗಿಸಿ ಎಣ್ಣೆ ನೀವಿದ ಕೂಸು. ಆ ಕೈಗಳ ಒಂದೊಂದು ಉಗುರನ್ನೂ ತಾನೇ ಕತ್ತರಿಸಿದ್ದು.

ಮಾರನೆಯ ದಿನ ಅರಮನೆ ನೋಡುವ ದಿನ. ವಯಸ್ಸಾದ ಪ್ರವಾಸಿಗಳಿಗೆಂದು ಅಲ್ಲೊಂದು ಲಿಫ್ಟ್ ಹಾಕಿದ್ದರು, ಅದರ ಉಸ್ತುವಾರಿ ಭಾವನದ್ದೇ. ಹುಡುಗ ಏಳಲಿಲ್ಲ, ಅಕ್ಕ ತಲೆನೋವೆಂದು ಉಳಿದಳು. ರಾಜರ ಹಾಸಿಗೆ, ರಾಣಿಯರ ಪೆಟ್ಟಿಗೆ, ಗೋಡೆ ತುಂಬ ಕತ್ತಿ ಗುರಾಣಿ ಎಲ್ಲ ಮುಗಿದ ಮೇಲೆ ಭಾವ ಮಕ್ಕಳಿಗೆ ಲಿಫ್ಟಿನ ಯಂತ್ರ ತೋರಿಸುವೆನೆಂದು ಮೇಲ್ಛಾವಣಿಯ ಕೋಣೆಗೆ ಕರೆದೊಯ್ದ. ಒಳಗೆ ಗ್ರೀಸಿನ ವಾಸನೆ. ಆಳೆತ್ತರದ ಚಕ್ರದ ಮೇಲೆ ಉಕ್ಕಿನ ಹಗ್ಗಗಳು ಹರಿಯುತ್ತಿದ್ದವು. ಮಕ್ಕಳು ಹೊಸ್ತಿಲಲ್ಲಿ ಬಿಸ್ಕತ್ತು ತಿನ್ನುತ್ತ ಕುಳಿತರು. ಮೋಟಾರಿನ ಸದ್ದಿನಲ್ಲಿ ಇವರ ಮಾತು ಅವರಿಗೆ ಕೇಳುವಂತಿರಲಿಲ್ಲ.

ಕೋಟೆಯಲ್ಲಿ ಚೂಟಿ ಕಂಡದ್ದನ್ನು ತಂಗಿ ಹೇಳಿದಳು. ಭಾವ ಎಣ್ಣೆಬಟ್ಟೆಯಿಂದ ಬೆರಳು ಒರೆಸುತ್ತಲೇ ಇದ್ದ.

"ನಾನು ಅಂತ ಅಂದ್ಕೊಂಡಿದ್ದೆ ಅಲ್ವಾ ನೀನು?"

"ಹೌದು."

"ಅಂದ್ಕೊಳ್ಲಿ ಅಂತ ಸುಮ್ಮನಿದ್ದೆ. ಅವನು ಅಂದ್ರೆ ಪ್ರಾಣ ನಿನಗೆ."

ಆಮೇಲೆ ಒಂದೊಂದಾಗಿ ಹೇಳಿದ. ಮೀಸೆ ಚಿಗುರುವ ವಯಸ್ಸಿನಲ್ಲಿ ಶುರುವಾಗಿದ್ದು. ಮೊದಲು ತಟ್ಟೆ ಒಡೆದ, ಆಮೇಲೆ ಬಾಗಿಲು, ಆಮೇಲೆ ತಾಯಿ. ಅಪ್ಪನ ಮೇಲೆ ಎಂದೂ ಕೈ ಎತ್ತಿದವನಲ್ಲ, ಅಪ್ಪ ಮನೆಯಲ್ಲಿದ್ದಾಗ ತಾಯಿಯ ಮೇಲೆ ಎತ್ತಿದ್ದೂ ಕಡಿಮೆ. ವೈದ್ಯರ ಹತ್ತಿರ ಒಂದೆರಡು ಸಲ ಬಂದ, ಮತ್ತೆ ಬರಲಿಲ್ಲ. ಒಮ್ಮೆ ನೆರೆಯವರು ಪೊಲೀಸರನ್ನು ಕರೆಸಿದರು. ಕನ್ನಡಿ ಮೈಮೇಲೆ ಬಿತ್ತು ಎಂದು ಅಕ್ಕ ರಕ್ತ ಒರೆಸಿಕೊಳ್ಳುತ್ತಲೇ ಅವರಿಗೆ ಹೇಳಿ ಕಳಿಸಿದಳು. ಒಂದು ಸಲ ಭಾವನೇ ಮಗನನ್ನು ನೆಲಕ್ಕೆ ಕೆಡವಿ ಹಿಡಿದಿದ್ದನಂತೆ. ಹಿಂದಿನಿಂದ ಬಂದು ಗಂಡನ ಕೈ ಕಚ್ಚಿ ಬಿಡಿಸಿದವಳು ಅಕ್ಕನೇ.

"ನಾನು ಬಾಗಿಲಿಗೆ ಚಿಲಕ ಕೂರಿಸ್ತಾ ಬಂದೆ," ಎಂದ ಭಾವ. "ನನಗೆ ಗೊತ್ತಿರೋದು ಅದೇ."

ಮರುದಿನ ಬೆಳಿಗ್ಗೆ, ಹುಡುಗ ಮಲಗಿದ್ದಾಗ, ಅಕ್ಕ ತಂಗಿಯನ್ನು ಬಚ್ಚಲಿಗೆ ಕರೆದು ಬಾಗಿಲು ಹಾಕಿದಳು. ಕಾಗದದ ಚೂರೊಂದನ್ನು ಬಿಚ್ಚಿದಳು. ಒಳಗೆ ಟೊಪ್ಪಿ ಹಲ್ಲು. ಕೋಟೆಯ ಏಟಿಗೆ ಸಡಿಲವಾದದ್ದು ರಾತ್ರಿ ಕಳಚಿತ್ತು. ತಂಗಿ ಬೀದಿಯ ಔಷಧಿ ಅಂಗಡಿಯಿಂದ ಅಂಟು ತಂದಳು. ಅಕ್ಕನನ್ನು ತೊಟ್ಟಿಯ ಅಂಚಿಗೆ ಕೂರಿಸಿ, ದವಡೆ ಎತ್ತಿ ಹಿಡಿದು, ಉಳಿದಿದ್ದ ಮೊಂಡು ಹಲ್ಲನ್ನು ಹತ್ತಿಯಿಂದ ಒಣಗಿಸಿದಳು. ಟೊಪ್ಪಿ ಕೂರಿಸಿ, ಹತ್ತಿ ಉಂಡೆ ಇಟ್ಟು, ಕಚ್ಚಿ ಹಿಡಿ ಎಂದಳು. ಅಕ್ಕ ಕಚ್ಚಿ ಹಿಡಿದಳು. ಮಾತಾಡುವಂತಿರಲಿಲ್ಲ. ಆ ಹೊತ್ತಿನಲ್ಲೇ ತಂಗಿ ಎಲ್ಲ ಹೇಳಿಬಿಟ್ಟಳು: ಚೂಟಿ ನೋಡಿದ್ದು, ಭಾವ ಹೇಳಿದ್ದು, ನಮ್ಮ ಜೊತೆ ಊರಿಗೆ ಹೊರಟು ಬಾ ಎಂದು. ಅಕ್ಕನ ಕಣ್ಣಿಂದ ನೀರು ಸುಮ್ಮನೆ ಹರಿಯುತ್ತಿತ್ತು. ಹತ್ತಿ ತೆಗೆದ ಮೇಲೆ ಪಿಸುದನಿಯಲ್ಲಿ ಹೇಳಿದಳು:

"ಗಂಡ ಹೊಡೆದಿದ್ರೆ ಎಂದೋ ಬಿಟ್ಟು ಬಂದಿರ್ತಿದ್ದೆ ಕಣೇ. ಹೆತ್ತ ಮಗನ್ನ ಬಿಟ್ಟು ಎಲ್ಲಿಗೆ ಬರ್ಲಿ?"

"ಇಷ್ಟೆಲ್ಲ ಇದ್ದೂ ನಮ್ಮನ್ನ ಯಾಕೆ ಕರೆಸ್ದೆ?"

"ಚಿಕ್ಕ ಮಕ್ಕಳು ಅಂದ್ರೆ ಅವನಿಗೆ ಇಷ್ಟ. ಮನೇಲಿ ಮಕ್ಕಳಿದ್ರೆ ಸುಮ್ಮನಿರ್ತಾನೆ ಅಂದ್ಕೊಂಡೆ. ಮೂರು ವಾರ ಕಣ್ತುಂಬ ನಿದ್ದೆ ಮಾಡ್ಬಹುದು ಅಂತ."

"ನನ್ನ ಮಕ್ಕಳನ್ನ ಅಡ್ಡ ಇಟ್ಕೊಂಡ್ಯಾ?"

"ಹೂಂ," ಎಂದಳು ಅಕ್ಕ. "ಅವನು ಮಕ್ಕಳ ಮೇಲೆ ಕೈ ಮಾಡಲ್ಲ."

"ಖಂಡಿತ ಗೊತ್ತಾ ನಿನಗೆ?"

ಅಕ್ಕ ಕಾಗದದ ಚೂರನ್ನು ಮತ್ತೆ ಮತ್ತೆ ಮಡಿಸಿದಳು. ತಂಗಿಗೆ ಅಕ್ಕನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಕೈ ಕೂಡ ಎದ್ದಿತು. ಆ ಕೈಯನ್ನು ಕಂಡು ಅಕ್ಕ ತಟ್ಟನೆ ತಲೆ ತಗ್ಗಿಸಿ ಮೊಣಕೈ ಅಡ್ಡ ಹಿಡಿದಳು. ಎಷ್ಟು ಅಭ್ಯಾಸವಾಗಿತ್ತೆಂದರೆ ಯೋಚನೆಯೇ ಇಲ್ಲದೆ ಹಿಡಿದಳು. ತಂಗಿ ಕೈ ಇಳಿಸಿ, ಬಚ್ಚಲ ನೆಲದಲ್ಲೇ ಕುಳಿತುಬಿಟ್ಟಳು.

ತಂಗಿ ಟಿಕೆಟ್ಟನ್ನು ಬೇಗನೆ ಹೊರಡುವ ದಿನಕ್ಕೆ ಬದಲಾಯಿಸಿಕೊಂಡಳು. ಆಸ್ಪತ್ರೆಯಿಂದ ಕರೆ ಬಂದಿದೆ, ಕೆಲಸ ಬಾಕಿ ಬಿದ್ದಿದೆ ಎಂದು ಹುಡುಗನಿಗೆ ಹೇಳುವುದೆಂದು ತೀರ್ಮಾನವಾಯಿತು. ಆದರೂ ಹೊರಡುವ ಮೊದಲು ಅವನನ್ನು ಕೂರಿಸಿ ಕೇಳಬೇಕು, ಚಿಕ್ಕಮ್ಮನ ಮಾತಿಗೆ ತಲೆ ಬಾಗಿಸಿಯಾನು ಎಂದು ತಂಗಿ ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಳು. ಅವಕಾಶ ತಾನಾಗಿ ಬಂತು. ಅವಳು ಪೆಟ್ಟಿಗೆ ತುಂಬುತ್ತಿದ್ದಾಗ ಹುಡುಗ ಬಾಗಿಲಿಗೆ ಒರಗಿ ನಿಂತ.

"ಇಷ್ಟು ಬೇಗ ಯಾಕೆ ಹೊರಟ್ರಿ ಚಿಕ್ಕಮ್ಮ? ಅಮ್ಮ ಏನಾದ್ರೂ ಹೇಳಿದ್ಲಾ?"

ದನಿ ಮೆತ್ತಗೇ ಇತ್ತು. ಅವನ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಅಕ್ಕ ತಟ್ಟೆ ಒರೆಸುವುದನ್ನು ನಿಲ್ಲಿಸಿ ನಿಂತಿದ್ದಳು. ತಂಗಿಗೆ ಅರ್ಥವಾಯಿತು. ತಾನು ಈಗ ಒಂದು ಮಾತು ಆಡಿದರೆ ಅದರ ಬೆಲೆ ತಾನು ತೆರುವುದಿಲ್ಲ.

"ಅವಳೇನು ಹೇಳ್ತಾಳಪ್ಪ. ಆಸ್ಪತ್ರೆಯವರು ಬಿಡ್ತಿಲ್ಲ," ಎಂದಳು.

ಹುಡುಗ ನಕ್ಕ. ತಾನೇ ಪೆಟ್ಟಿಗೆ ಎತ್ತಿಕೊಂಡು ಕೆಳಗಿಳಿಸಿದ. ಭಾವನ ಕೆಲಸದ ವ್ಯಾನಿನ ಹತ್ತಿರ ಗುಂಡನನ್ನು ಎತ್ತಿ ಮುದ್ದಿಟ್ಟ. ಗುಂಡ ಕೊರಳು ಬಿಡದೆ ಅತ್ತ. ಚೂಟಿ ಸೀಟಿನ ಕೆಳಗೆ ತೂರಿಕೊಂಡು ಕುಳಿತಿದ್ದಳು, ಎಷ್ಟು ಕರೆದರೂ ಬರಲಿಲ್ಲ. ಆಮೇಲೆ ಹುಡುಗ ಚಿಕ್ಕಮ್ಮನನ್ನು ತಬ್ಬಿಕೊಂಡ. ಅವಳ ಮೈ ಕಲ್ಲಾಯಿತು. ಆದರೂ ಅವನ ಬೆನ್ನಿನ ಮೇಲೆ ಅವಳ ಅಂಗೈ ತಾನಾಗಿ ಎರಡು ಸಲ ತಟ್ಟಿತು, ಮಲಗಿಸುವಾಗ ತಟ್ಟುತ್ತಿದ್ದ ಹಾಗೆ. ಅದಕ್ಕಾಗಿ ಅವಳು ತನ್ನನ್ನು ತಾನೇ ಬಹಳ ದಿನ ಶಪಿಸಿಕೊಂಡಳು. ಅಕ್ಕ ಮೇಲಿನ ಮೆಟ್ಟಿಲಿಂದಲೇ ಕೈ ಬೀಸಿದಳು.

ವಿಮಾನ ನಿಲ್ದಾಣದ ದಾರಿಯಲ್ಲಿ ಮಕ್ಕಳು ನಿದ್ದೆ ಹೋದ ಮೇಲೆ ತಂಗಿ ಭಾವನಿಗೆ ಹೇಳಿದಳು: "ಮುಂದಿನ ಸಲ ನೀವೇ ಪೊಲೀಸರಿಗೆ ಹೇಳಿ. ಅವಳು ಬಾಯಿ ಬಿಡೋಕೆ ಮುಂಚೆ ಹೇಳಿ."

"ಹೇಳಿದ್ರೆ ನನ್ನ ಬಿಟ್ಟು ಹೋಗ್ತಾಳೆ."

"ಹೋಗ್ಲಿ. ಬದುಕಿರ್ತಾಳೆ."

ಭಾವ ನಿಲ್ದಾಣದಲ್ಲಿ ಸಾಮಾನು ಇಳಿಸಿ, ತಂಗಿಯ ಮುಖ ನೋಡದೆ ತಲೆಯಾಡಿಸಿ ಹೋದ.

ಊರಿಗೆ ಬಂದು ಕೆಲವು ತಿಂಗಳಾದ ಮೇಲೆ ಅವನ ಫೋನು ಬಂತು. ಕೆಲಸದಿಂದ ಬಂದಾಗ ಅಕ್ಕ ಅಡುಗೆಮನೆಯ ನೆಲದ ಮೇಲಿದ್ದಳಂತೆ, ದವಡೆ ಮುರಿದು. ಹುಡುಗ ಪಕ್ಕದಲ್ಲೇ ಕುಳಿತು ಅವಳ ಮುಖಕ್ಕೆ ಒದ್ದೆ ಬಟ್ಟೆ ಒತ್ತುತ್ತಿದ್ದನಂತೆ. ಆಂಬುಲೆನ್ಸಿನ ಹಿಂದೆಯೇ ಪೊಲೀಸರು ಬಂದರು, ಭಾವನೇ ಕರೆಸಿದ್ದು. ಅಕ್ಕನಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಕೈಯಾಡಿಸಿ ಬೇಡ ಬೇಡ ಎಂದಳು. ಭಾವ ಅವಳ ಕಡೆ ನೋಡದೆ, ಶುರುವಿನಿಂದ ಕೊನೆಯವರೆಗೆ ಹೇಳಿದ. ಹುಡುಗ ತಕರಾರಿಲ್ಲದೆ ಅವರ ಜೊತೆ ನಡೆದ. ಚಪ್ಪಲಿ ಹಾಕಿಕೊಳ್ಳಲೇ ಎಂದು ಕೇಳಿದನಂತೆ.

ಭಾವ ಹೇಳಿದ ಹಾಗೆಯೇ ಆಯಿತು. ಆಸ್ಪತ್ರೆಯಿಂದ ಬಂದ ಅಕ್ಕ ಗಂಡನ ಮನೆಗೆ ಹೋಗಲಿಲ್ಲ. ಮಗನನ್ನು ಇಟ್ಟಿರುವ ಜೈಲಿನ ಹತ್ತಿರ ಒಂದು ಕೋಣೆ ಹಿಡಿದಳು, ಒಂದು ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದಳು. ತಂಗಿ ವಾರ ವಾರ ಫೋನು ಮಾಡಿದಳು, ಎತ್ತಲಿಲ್ಲ. ನೀನೂ ಅವರೂ ಸೇರಿ ನನ್ನ ಮಗನನ್ನು ಒಳಗೆ ಹಾಕಿಸಿದಿರಿ ಎಂದು ಒಂದೇ ಒಂದು ಸಂದೇಶ ಬಂತು. ಅದು ಸುಳ್ಳೂ ಆಗಿರಲಿಲ್ಲ.

ಬಹಳ ದಿನಗಳ ಮೇಲೆ ಒಮ್ಮೆ ಅಕ್ಕ ಫೋನು ಎತ್ತಿದಳು. ದವಡೆ ಕೂಡಿಕೊಂಡಿದ್ದರೂ ಮಾತು ತೊದಲುತ್ತಿತ್ತು. ಮಕ್ಕಳು ಹೇಗಿದ್ದಾರೆ ಎಂದು ಕೇಳಲಿಲ್ಲ. ಅವನು ಸೊರಗಿದ್ದಾನೆ, ಕೂದಲು ಸಣ್ಣಗೆ ಕತ್ತರಿಸಿದ್ದಾರೆ, ಅಲ್ಲಿ ಅವನಿಗೆ ಮರಗೆಲಸ ಕಲಿಸುತ್ತಿದ್ದಾರೆ ಎಂದೆಲ್ಲ ಹೇಳಿದಳು. ಭೇಟಿಗೆ ಬರುವ ತಾಯಂದಿರೆಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಾರಂತೆ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲವಂತೆ.

"ಮಧ್ಯೆ ಗಾಜಿದೆ," ಎಂದಳು ಅಕ್ಕ. "ಆ ಕಡೆ ಅವನು, ಈ ಕಡೆ ನಾನು. ಎಷ್ಟು ವರ್ಷ ಆಗಿತ್ತೋ ಅವನ ಮುಖ ನೆಟ್ಟಗೆ ನೋಡಿ. ಯಾವಾಗ್ಲೂ ಕೈ ನೋಡ್ತಿದ್ದೆ."

ತಂಗಿ ಅಕ್ಕಾ ಎಂದಳು. ಅಕ್ಕ ತಡೆದಳು.

"ಒಳ್ಳೇದಾಯ್ತು ಅಂತ ನನ್ನ ಬಾಯಲ್ಲಿ ಹೇಳಿಸಬೇಡ. ಹೇಳಲ್ಲ ನಾನು."

ಬಸ್ಸಿನ ಹೊತ್ತಾಯಿತೆಂದು ಇಟ್ಟುಬಿಟ್ಟಳು. ಈಗಲೂ ತಂಗಿ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಕೆಲವು ಸಲ ಅಕ್ಕ ಎತ್ತುತ್ತಾಳೆ, ಹೆಚ್ಚಿನ ಸಲ ಇಲ್ಲ.